ದೀಪಾವಳಿಗೆ ನಾಯಿಮರಿ ಗಿಫ್ಟ್ ಕೊಡ್ತೀರಾ? ದೆಹಲಿ-ಎನ್‌ಸಿಆರ್‌ನ ಈ ನಿಯಮಗಳು ಗೊತ್ತಿರಲಿ

ನವದೆಹಲಿ: ಹಬ್ಬಕ್ಕೆ ನಾಯಿಮರಿ ಉಡುಗೊರೆ ಕೊಡುವ ಮುನ್ನ ಆ ಮನೆಯವರ ಒಪ್ಪಿಗೆ ಕೇಳಿ. ಹತ್ತು-ಹನ್ನೆರಡು ವರ್ಷದ ಹೊಣೆ ಸರ್‌ಪ್ರೈಸ್ ಆಗಬಾರದು.

ಮಾರಾಟಗಾರರು 8 ವಾರ ತುಂಬದ ಮರಿಯನ್ನು ಮಾರುವುದು 2017ರ ನಿಯಮಗಳಿಗೆ ವಿರುದ್ಧ. ದೆಹಲಿ ಪಾಲಿಕೆ ವ್ಯಾಪ್ತಿಯಲ್ಲಿ ನಾಯಿ ನೋಂದಣಿ ಕಡ್ಡಾಯ, ಅದಕ್ಕೆ ರೇಬಿಸ್ ಲಸಿಕೆಯ ಪ್ರಮಾಣಪತ್ರವೂ ಬೇಕು. ನೋಯ್ಡಾದಲ್ಲಿ ಬೆಕ್ಕಿಗೂ ನೋಂದಣಿ ಇದೆ. ದೇಸಿ ಗಿಳಿ, ನಕ್ಷತ್ರ ಆಮೆಯಂತೂ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ಅವುಗಳ ಮಾರಾಟ ಅಪರಾಧ.

ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದೂ ಅಪರಾಧವೇ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿರುವ ದಂಡ ಮೊದಲ ಸಲಕ್ಕೆ ಗರಿಷ್ಠ 50 ರೂಪಾಯಿ!

ಪಟಾಕಿ ಸದ್ದಿಗೆ ಮರಿಗಳು ಬೆದರಿ ಓಡುತ್ತವೆ. ಹಬ್ಬದ ದಿನ ಬೆಲ್ಟ್, ಹಾಸಿಗೆ ಮಾತ್ರ ಕೊಟ್ಟು, ಗದ್ದಲ ತಣ್ಣಗಾದ ಮೇಲೆ ಮರಿಯನ್ನು ಮನೆಗೆ ತರುವುದು ಒಳ್ಳೆಯದು.