ನಿಂತ ಮೋಟಾರಿನ ಎರಡು ಪ್ರಶ್ನೆಗಳು

ಶಾಸನಗಳು ಎಡೆದೊರೆ ನಾಡೆಂದು ಕರೆದ, ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಸೀಮೆಯಲ್ಲಿ, ಓಡುವ ಮೋಟಾರು ನಿಂತುಹೋದರೆ 'ಗಾಡಿ ಬಂದ್ ಬಿತ್ತು' ಎನ್ನುತ್ತಾರೆ. ಅದು ಮತ್ತೆ ಹೊರಡದಿದ್ದರೆ 'ಸೆಲ್ಫ್ ತಿರಗತದ, ಚಾಲೂ ಆಗವಲ್ದು' ಎಂಬುದು ಮುಂದಿನ ಮಾತು. ಕನ್ನಡ ಪಾಠ ಹೇಳುವ ನನಗೆ ಈ ಎರಡನೆಯ ವಾಕ್ಯದ ಮೇಲೆ ವಿಶೇಷ ಅಭಿಮಾನ. ಬರಿಯ ದೂರಿನಂತೆ ಕೇಳಿಸುವ ಅದರಲ್ಲಿ ಅರ್ಧ ರೋಗನಿದಾನವೇ ಅಡಗಿದೆ. ಸೆಲ್ಫ್ ಬಿರುಸಾಗಿ ತಿರುಗುತ್ತದೆಯೆಂದ ಮೇಲೆ ಬ್ಯಾಟರಿ ಬಹುಮಟ್ಟಿಗೆ ನಿರ್ದೋಷಿ. ಉಳಿದವು ಮುಖ್ಯವಾಗಿ ಎರಡೇ ಪ್ರಶ್ನೆಗಳು: ಎಣ್ಣೆ ಬರುತ್ತಿದೆಯೆ? ಕಿಡಿ ಹಾರುತ್ತಿದೆಯೆ?

ಈ ಪ್ರಶ್ನೆಗಳಿಗೆ ಮೋಟಾರಿನಷ್ಟೇ ವಯಸ್ಸು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಹಕ್ಕುಪತ್ರ ಪಡೆದದ್ದು 1886ರಲ್ಲಿ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬರ್ತಾ, ಗಂಡನಿಗೂ ತಿಳಿಸದೆ ಇಬ್ಬರು ಮಕ್ಕಳೊಡನೆ ಆ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ದೂರದ ತವರೂರಿಗೆ ಹೊರಟಳು. ದಾರಿಯಲ್ಲಿ ಎಣ್ಣೆಯ ಕೊಳವೆ ಕಟ್ಟಿತು. ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆಯಿತು. ಕಾಲುಚೀಲದ ಪಟ್ಟಿಯನ್ನು ಸುತ್ತಿದಳು ಎಂದು ಹೇಳುತ್ತಾರೆ. ಮೋಟಾರಿನ ಮೊದಲ ದೂರ ಪ್ರಯಾಣದಲ್ಲೇ ಎರಡು ಪ್ರಶ್ನೆಗಳೂ ಎದುರಾದವು. ಎರಡಕ್ಕೂ ಉತ್ತರ ಪ್ರಯಾಣಿಕರ ಕೈಯಲ್ಲೇ ಇತ್ತು.

1908ರಲ್ಲಿ ಹುಟ್ಟಿದ ಫೋರ್ಡ್ ಕಂಪನಿಯ 'ಟಿ' ಮಾದರಿಯ ಕಾರಿನಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯಬೇಕಾಗಿತ್ತು. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಿದ್ದು ಏರು ಕಡಿದಾದರೆ ಗಾಡಿ ನಿಲ್ಲುತ್ತಿತ್ತು. ಆಗ ಚಾಲಕರು ಅದನ್ನು ತಿರುಗಿಸಿ ಹಿಮ್ಮುಖವಾಗಿ ದಿಬ್ಬ ಹತ್ತಿಸುತ್ತಿದ್ದರು! ಅಂದು ಎಂಜಿನ್ ಹೊರಡಿಸುವುದೆಂದರೆ ಹ್ಯಾಂಡಲ್ ಹೊಡೆಯುವುದು. ಅದು ತಿರುಗಿ ಬಡಿದು ಮುಂಗೈ ಮುರಿದುಕೊಂಡವರು ಹಲವರು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಮೇಲೆ ಈ ಗಂಡಾಂತರ ಕ್ರಮೇಣ ತಪ್ಪಿತು.

ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಕೊರತೆ ಬಂದಾಗ ದೇಶದ ಹಲವೆಡೆ, ಕನ್ನಡ ನಾಡಿನಲ್ಲಿ ಕೂಡ, ಇದ್ದಿಲಿನ ಅನಿಲದಿಂದ ಓಡುವ ಬಸ್ಸುಗಳು ಕಾಣಿಸಿಕೊಂಡವು. ಒಲೆಗೆ ಗಾಳಿ ಹಾಕಿ ಕೆಂಡ ಮಾಡಿದ ಮೇಲೆಯೇ ಪ್ರಯಾಣ. ಶೋಧಕದಲ್ಲಿ ಬೂದಿ ಕಟ್ಟಿದರೆ ಬಸ್ಸು ನಿಂತಿತು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಆಗಲೂ ಪ್ರಶ್ನೆ ಹಳೆಯದೇ. ಎಣ್ಣೆಯ ಜಾಗದಲ್ಲಿ ಹೊಗೆ ಬಂದಿತ್ತು, ಅಷ್ಟೆ.

ರಾಯಚೂರು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಬಂದ ಅಂಬಾಸಡರ್ ಕಾರು 2014ರ ತನಕ ತಯಾರಾಯಿತು. ಅಂಥ ಕಾರುಗಳಿಗೆ ನಮ್ಮ ಬೇಸಿಗೆಯೇ ವೈರಿ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಕೊಳವೆಯಲ್ಲಿ ಆವಿ ತುಂಬಿದರೆ ಪಂಪು ಎಣ್ಣೆ ಎಳೆಯದು. ಚಾಲಕ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದ. ಅದಕ್ಕೂ ಜಗ್ಗದಿದ್ದರೆ ಪ್ಲಗ್ ಬಿಚ್ಚಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ, ನೀಲಿ ಕಿಡಿ ಹಾರುವುದೇ ಎಂದು ನೋಡುತ್ತಿದ್ದ. ಹಾರದಿದ್ದರೆ ಪಾಯಿಂಟ್ ಉಜ್ಜುವುದು, ಕಂಡೆನ್ಸರ್ ಬದಲಿಸುವುದು. ಮರದ ನೆರಳೇ ಕಾರ್ಖಾನೆ.

ಈ ಶತಮಾನದಲ್ಲಿ ಕಾರ್ಬ್ಯುರೇಟರೂ ಪಾಯಿಂಟೂ ಹೊಸ ಕಾರುಗಳಿಂದ ಮರೆಯಾದವು. ಎಣ್ಣೆಯನ್ನೂ ಕಿಡಿಯನ್ನೂ ಗಣಕವೇ ಆಳುತ್ತದೆ. ಪಂಪು ಟ್ಯಾಂಕಿನೊಳಗೆ ಸೇರಿದೆ. ಕೆಲವು ಬೇಸಿಗೆಗಳ ಹಿಂದೆ, ಮಧ್ಯಾಹ್ನ, ಬಾಗಲವಾಡದ ದಾರಿಯಲ್ಲಿ ನಾನು ಕುಳಿತಿದ್ದ ಕಾರು ಬಂದ್ ಬಿತ್ತು. ಸೆಲ್ಫ್ ತಿರುಗುತ್ತಿತ್ತು; ಕೀಲಿ ತಿರುವಿದೊಡನೆ ಹಿಂದಿನಿಂದ ಪಂಪಿನ ಗುಂಯ್ ಸದ್ದೂ ಕೇಳುತ್ತಿತ್ತು; ಶಾಖದ ಮುಳ್ಳು ಮಿತಿಯಲ್ಲಿತ್ತು. ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಹೊರಟಿತು. ಎಂಜಿನ್ನಿನ ಸುತ್ತನ್ನು ಎಣಿಸಿ ಗಣಕಕ್ಕೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಮೂಕವಾಗುತ್ತಿತ್ತೆಂದು ಮರುದಿನ ಮೆಕ್ಯಾನಿಕ್ ಕಂಡುಹಿಡಿದ. ಎಂಜಿನ್ ತಿರುಗುತ್ತಿರುವ ಸುದ್ದಿಯೇ ಮುಟ್ಟದಿದ್ದರೆ ಗಣಕ ಕಿಡಿಯನ್ನು ಯಾವ ಗಳಿಗೆಯಲ್ಲಿ ಹಾರಿಸೀತು?

ಹೊಸ ಕಾರು ಹಳೆಯದಕ್ಕಿಂತ ಅಪರೂಪಕ್ಕೆ ಕೆಡುತ್ತದೆ, ನಿಜ. ಕೆಟ್ಟಾಗ ಮಾತ್ರ ಸೂಜಿಗೂ ಒದ್ದೆ ಬಟ್ಟೆಗೂ ಬಗ್ಗುವುದಿಲ್ಲ. ಹಳ್ಳಿಯಿಂದ ರಾತ್ರಿ ರೋಗಿಯನ್ನು ರಾಯಚೂರಿಗೆ ಒಯ್ಯುವ ಗಾಡಿ ನಡುದಾರಿಯಲ್ಲಿ ನಿಂತರೆ ಇದು ಸಣ್ಣ ಮಾತಲ್ಲ. ಅಂಥ ಹೊತ್ತಿನಲ್ಲಿ ಮೊದಲು ಇನ್ನೊಂದು ಗಾಡಿಯನ್ನು ಕರೆಸಬೇಕು. ಆಮೇಲೆ ಮೆಕ್ಯಾನಿಕ್‌ಗೆ ಫೋನಿನಲ್ಲಿ ಮೂರು ಸಂಗತಿ ಹೇಳಬೇಕು: ಸೆಲ್ಫ್ ತಿರುಗುವುದೆ, ಪಂಪಿನ ಸದ್ದಿದೆಯೆ, ನಿಂತಾಗ ಎಂಜಿನ್ ಬಿಸಿಯಿತ್ತೆ. ಸದ್ದಿಲ್ಲವೆಂದರೆ ಆತ ಪಂಪಿನ ಫ್ಯೂಸು, ರಿಲೇಗಳನ್ನು ಮೊದಲು ಹುಡುಕುತ್ತಾನೆ. ಸದ್ದಿದ್ದು ಬಿಸಿಗೆ ನಿಂತಿತೆಂದರೆ ಸೆನ್ಸರಿನ ಮೇಲೆ ಕಣ್ಣಿಡುತ್ತಾನೆ. ಉಪಕರಣ ಅವನದಾದರೂ ಈ ಸಾಕ್ಷ್ಯವನ್ನು ಗಾಡಿಯಲ್ಲಿದ್ದವರೇ ಹೇಳಬೇಕು.