ದತ್ತಿ, ವಾರಾನ್ನ, ದುಡಿಮೆ: ವಿದ್ಯಾರ್ಥಿ ನೆರವಿನ ಮೂರು ಹಾದಿಗಳು

ಬಡ ವಿದ್ಯಾರ್ಥಿಯ ಓದು ಹೆಚ್ಚಾಗಿ ನಿಲ್ಲುವುದು ಬುದ್ಧಿಯ ಕೊರತೆಯಿಂದಲ್ಲ. ಊರು ಬಿಟ್ಟು ಬಂದವನಿಗೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದಾಗ. ಈ ನಾಡಿನಲ್ಲಿ ವಿದ್ಯೆಗೆ ಸಂದ ನೆರವಿನ ಚರಿತ್ರೆಯು ಬಹುಮಟ್ಟಿಗೆ ಅನ್ನ ಮತ್ತು ಆಶ್ರಯಗಳ ಚರಿತ್ರೆಯೇ ಆಗಿದೆ. ಆ ಅನ್ನವನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಕಟ್ಟಳೆಗೆ ಒಳಪಡಿಸಿ ಕೊಟ್ಟರು ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ ಬದಲಾಗಿದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಪ್ರಾಚೀನ ನಾಮ ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಕಟ್ಟಿಸಿದ ಶಾಲೆಯ ವಿವರ ಕ್ರಿ.ಶ. 945ರ ಶಾಸನದಲ್ಲಿದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ನಿವಾಸಗಳು, ವಿದ್ಯಾಸಂಸ್ಥೆಯ ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಯ ವೆಚ್ಚಕ್ಕೆ 12 ನಿವರ್ತನ, ಆಚಾರ್ಯನಿಗೆ 50 ನಿವರ್ತನ ಎಂದು ದತ್ತಿಯನ್ನು ಬಿಡಿಬಿಡಿಯಾಗಿ ಗೊತ್ತುಮಾಡಲಾಗಿತ್ತು. ಇಷ್ಟಕ್ಕೇ ನಿಲ್ಲದೆ ಊರವರ ಶುಭಕಾರ್ಯಗಳಿಂದಲೂ ಶಾಲೆಗೆ ಆದಾಯವಿತ್ತು: ಮದುವೆಯಾದರೆ 5, ಉಪನಯನವಾದರೆ 2½, ಚೌಲವಾದರೆ 1½ ನಾಣ್ಯ ಸಲ್ಲಬೇಕು. ರಾತ್ರಿಯ ಓದಿಗೆ ಬೇಕಾದ ಬೆಳಕಿಗೂ ಹೊಲ ಮೀಸಲಿಟ್ಟ ಈ ದೂರದೃಷ್ಟಿ ಬೆರಗು ಹುಟ್ಟಿಸುತ್ತದೆ. ಆದರೆ ಆ ದೀಪದ ಬೆಳಕು ವೇದಾಧ್ಯಯನದ ಅಧಿಕಾರವುಳ್ಳವರ ಮೇಲೆ ಮಾತ್ರ ಬೀಳುತ್ತಿತ್ತೆಂಬುದೂ ಅಷ್ಟೇ ನಿಜ.

ಜೈನ ಪರಂಪರೆಯಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯಗಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಶಾಸ್ತ್ರದಾನಕ್ಕೆ ಮೇಲ್ಪಂಕ್ತಿಯಾದಳು. ಆದರೆ ಗ್ರಂಥ ಕೈಸೇರಿದ ಮಾತ್ರಕ್ಕೆ ಓದುವವನ ಹಸಿವು ಹಿಂಗದು.

ಅರಸರ ದತ್ತಿಗಳು ಕರಗಿದ ಮೇಲೆ ವಿದ್ಯಾರ್ಥಿಯ ಹಸಿವಿಗೆ ಒದಗಿದ್ದು ಗೃಹಸ್ಥರ ಮನೆಗಳು. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವ ವಾರಾನ್ನವು ಇಪ್ಪತ್ತನೆಯ ಶತಮಾನದಲ್ಲಿಯೂ ಅನೇಕರನ್ನು ಪದವಿಯವರೆಗೆ ಮುಟ್ಟಿಸಿತು. ಆ ಉಪಕಾರ ದೊಡ್ಡದು. ಅದರ ಇಕ್ಕಟ್ಟೂ ದೊಡ್ಡದು. ಮನೆಯೊಡತಿಯ ಮುಖ ನೋಡಿ ಹೊಸ್ತಿಲು ದಾಟಬೇಕು. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಎಲೆ ಹಾಕುವ ಮುನ್ನ ಜಾತಿ ಕೇಳುವ ಕಾಲದಲ್ಲಿ ಈ ದಾರಿಯೂ ಎಲ್ಲರಿಗೂ ತೆರೆದಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು ಬೋರ್ಡಿಂಗುಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್ ಜವೇರಿಯವರು ಜೈನ ವಿದ್ಯಾರ್ಥಿಗಳಿಗಾಗಿ ಬೋರ್ಡಿಂಗು ಕಟ್ಟಿಸಿದರು. ಕೊಲ್ಲಾಪುರದಲ್ಲಿ ಛತ್ರಪತಿ ಶಾಹೂ ಮಹಾರಾಜರು ಬೇರೆ ಬೇರೆ ಸಮಾಜಗಳ ವಸತಿನಿಲಯಗಳಿಗೆ ಆಸರೆಯಾದರು. ಆಹಾರದಾನವೂ ಶಾಸ್ತ್ರದಾನವೂ ಒಂದೇ ಸೂರಿನಡಿ ಕೂಡಿದವು. ಆದರೂ ಸೂರು ಆಯಾ ಸಮಾಜದ್ದೇ ಆಗಿತ್ತು.

ಆ ಗೋಡೆಯನ್ನು ದಾಟಿದವರು ಕರ್ಮವೀರ ಭಾವೂರಾವ್ ಪಾಟೀಲರು. 1887ರಲ್ಲಿ ಕೊಲ್ಲಾಪುರ ಸೀಮೆಯ ಕುಂಭೋಜದ ಜೈನ ಮನೆತನದಲ್ಲಿ ಜನಿಸಿದ ಇವರ ಪೂರ್ವಜರು ಮೂಡುಬಿದಿರೆಯಿಂದ ಬಂದವರೆನ್ನುತ್ತಾರೆ. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದಾಗ ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಉದ್ಘಾಟನೆಗೆ ಹೋಗಿಬಂದರು. ಬಂದ ಮೇಲೆ ಶುದ್ಧಿಸ್ನಾನಕ್ಕೆ ಒಪ್ಪದಿದ್ದುದರಿಂದ ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು. ಕಟ್ಟಳೆಗೊಳಪಟ್ಟ ಅನ್ನದ ಬೆಲೆಯೇನೆಂಬುದನ್ನು ಅವರು ಹೀಗೆ ಎಳೆಯ ವಯಸ್ಸಿನಲ್ಲೇ ಕಂಡುಕೊಂಡರು.

1919ರಲ್ಲಿ ಕರಾಡದ ಸಮೀಪದ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ತೆರೆದ ವಸತಿನಿಲಯದಲ್ಲಿ ಎಲ್ಲ ಜಾತಿಗಳ ಹುಡುಗರು ಕೂಡಿಯೇ ಅಡಿಗೆ ಮಾಡಿ, ಕೂಡಿಯೇ ಉಣ್ಣುತ್ತಿದ್ದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಅದಕ್ಕೆ ಶಾಹೂ ಮಹಾರಾಜರ ಹೆಸರಾಯಿತು. ಕಣಜ ಬರಿದಾದ ದಿನಗಳಲ್ಲಿ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಮಾರಿ, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಉಣಬಡಿಸಿದರು.

ಆದರೆ ಯಾರದೋ ತ್ಯಾಗದ ಮೇಲೆ ಸಂಸ್ಥೆ ಬಹುಕಾಲ ನಿಲ್ಲಲಾರದೆಂಬುದನ್ನು ಭಾವೂರಾಯರು ಅರಿತಿದ್ದರು. ಆದ್ದರಿಂದ ಸ್ವಾವಲಂಬನೆಯನ್ನೇ ಸಂಸ್ಥೆಯ ಧ್ಯೇಯವಾಗಿಸಿದರು. 1947ರಲ್ಲಿ ಸಾತಾರೆಯಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾದಾಗ ಇದೇ ತತ್ತ್ವ ಉನ್ನತ ಶಿಕ್ಷಣಕ್ಕೂ ವಿಸ್ತರಿಸಿತು. ವಿದ್ಯಾರ್ಥಿ ಹೊಲದಲ್ಲಿ ದುಡಿಯಬೇಕು. ಆ ದುಡಿಮೆಯೇ ಅವನ ಊಟಕ್ಕೂ ಓದಿಗೂ ಒದಗಬೇಕು. ‘ದುಡಿ, ಕಲಿ’ ಎಂಬ ಈ ಪದ್ಧತಿಯಲ್ಲಿ ರೈತನ ಮಗ ಯಾರ ಋಣಕ್ಕೂ ಬೀಳದೆ ಪದವೀಧರನಾಗಬಹುದಿತ್ತು. ಇದಕ್ಕೊಂದು ಮಿತಿಯೂ ಉಂಟು. ಉಳ್ಳವರ ಮಗ ಪುಸ್ತಕ ತೆರೆಯುವ ಹೊತ್ತಿನಲ್ಲಿ ಇಲ್ಲದವನ ಮಗ ಗುದ್ದಲಿ ಹಿಡಿಯಬೇಕು. ಸ್ವಾಭಿಮಾನ ಉಳಿಯುತ್ತದೆ, ಓದಿನ ವೇಳೆ ಕುಗ್ಗುತ್ತದೆ.

ಈ ನಡುವೆ ನಾಲ್ಕನೆಯ ಹಾದಿಯೊಂದು ತೆರೆದಿತ್ತು. ಮೆಟ್ರಿಕ್ ಮುಗಿಸಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಭಾರತ ಸರ್ಕಾರ 1944ರಲ್ಲಿ ವಿದ್ಯಾರ್ಥಿವೇತನ ಆರಂಭಿಸಿತು. ಶುಲ್ಕದ ಜೊತೆಗೆ ನಿರ್ವಹಣಾ ಭತ್ಯೆಯೆಂಬುದೊಂದು ಅದರಲ್ಲಿ ಸೇರಿತ್ತು. ಸಾಲೋಟಗಿಯ ಶಾಸನಕಾರನು ಹೊಲವಾಗಿ ಬರೆದದ್ದು, ವಾರಾನ್ನದ ಮನೆಯೊಡತಿ ತುತ್ತಾಗಿ ಬಡಿಸಿದ್ದು, ಲಕ್ಷ್ಮೀಬಾಯಿಯವರು ಕೊರಳಿನಿಂದ ತೆಗೆದುಕೊಟ್ಟದ್ದು ಈ ಭತ್ಯೆಯನ್ನೇ. ಈಗ ಅದು ದಾನವಲ್ಲ, ಪ್ರಜೆಯ ಹಕ್ಕು; ಕೇಳಲು ತಲೆ ತಗ್ಗಿಸಬೇಕಿಲ್ಲ. ಆದರೆ ಆ ಹಣ ವರ್ಷದ ಕೊನೆಗೆ ಕೈಸೇರಿದರೆ ವರ್ಷವಿಡೀ ಉಣ್ಣಬೇಕಾದವನಿಗೆ ಅದರಿಂದ ಪ್ರಯೋಜನವೇನು? ದೀಪದ ಎಣ್ಣೆಗೂ ಹೊಲ ಬಿಟ್ಟ ನಾರಾಯಣನು ಲೆಕ್ಕ ಹಾಕಿದ್ದು ಪ್ರತಿ ರಾತ್ರಿಯ ಅಗತ್ಯವನ್ನು. ಹಕ್ಕಿನ ಕಾಲದ ನೆರವೂ ಅದೇ ಲೆಕ್ಕವನ್ನು ಕಲಿಯಬೇಕಾಗಿದೆ.