ಸಂಧಿಸಭೆಯಲ್ಲಿ ಸ್ತ್ರೀಯರು: 1915ರ ಹೇಗ್ ಮಹಾಸಭೆ

ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಹನ್ನೊಂದನೆಯದಕ್ಕೆ ಸ್ತ್ರೀಪರ್ವವೆಂದು ಹೆಸರು. ಯುದ್ಧವು ಮುಗಿದು, ಹದಿನೆಂಟು ಅಕ್ಷೌಹಿಣೀ ಸೇನೆಯು ನಾಶಹೊಂದಿದ ಮೇಲೆ ಕುರುಕುಲದ ಸ್ತ್ರೀಯರು ರಣಭೂಮಿಗೆ ಬಂದು, ಹೆಣಗಳ ನಡುವೆ ತಮ್ಮ ತಮ್ಮವರನ್ನು ಗುರುತಿಸಿ ಗೋಳಿಡುವ ಕಥೆ ಅದರಲ್ಲಿದೆ. ಇದು ವಾಚಕರೆಲ್ಲರಿಗೂ ವಿದಿತವಾದುದೇ. ಆದರೆ ಐದನೆಯದಾದ ಉದ್ಯೋಗಪರ್ವದಲ್ಲಿ, ಸಂಧಾನವು ಇನ್ನೂ ನಡೆಯುತ್ತಿದ್ದಾಗ, ಗಾಂಧಾರಿಯು ರಾಜಸಭೆಗೆ ಬಂದುದನ್ನು ಸ್ಮರಿಸುವವರು ವಿರಳ. ಶ್ರೀಕೃಷ್ಣನ ಮಾತು, ಭೀಷ್ಮದ್ರೋಣರ ಮಾತು, ವಿದುರನ ಮಾತು ಎಲ್ಲವೂ ವಿಫಲವಾದ ಮೇಲೆ ಧೃತರಾಷ್ಟ್ರನು ದೀರ್ಘದರ್ಶಿನಿಯಾದ ತನ್ನ ಪತ್ನಿಯನ್ನು ಕರೆಸುತ್ತಾನೆ. ಆಕೆ ಬಂದವಳೇ ಮೊದಲು ಮಗನನ್ನಲ್ಲ, ಪುತ್ರವ್ಯಾಮೋಹದಿಂದ ಕುರುಡಾದ ಗಂಡನನ್ನೇ ದೂಷಿಸುತ್ತಾಳೆ. ಅನಂತರ ದುರ್ಯೋಧನನಿಗೆ ಬುದ್ಧಿ ಹೇಳುತ್ತಾಳೆ. ಅವನು ತಾಯಿಯ ಮಾತನ್ನು ಲಕ್ಷಿಸದೆ ಎದ್ದು ಹೊರಟುಹೋಗುತ್ತಾನೆ. ಸಭೆಯಲ್ಲಿ ಆಕೆಗೆ ದೊರೆತ ಅವಕಾಶ ಅಷ್ಟೇ. ಕಡೆಯಲ್ಲಿ, ಅದೂ ಇತರರೆಲ್ಲರೂ ಸೋತ ಮೇಲೆ.

ಲೋಕದ ಚರಿತ್ರೆಯಲ್ಲಿ ಬಹುಕಾಲ ಇದೇ ಕ್ರಮವು ನಡೆದುಬಂದಿತು. ಯುದ್ಧಾನಂತರದ ವಿಲಾಪವು ಸ್ತ್ರೀಯರ ಪಾಲಿಗೆ, ಯುದ್ಧಪೂರ್ವದ ಮಂತ್ರಾಲೋಚನೆ ಪುರುಷರ ಪಾಲಿಗೆ. ಈ ಕ್ರಮವನ್ನು ಪ್ರಶ್ನಿಸಿ, ತಮಗೆ ಸ್ತ್ರೀಪರ್ವವು ಸಾಲದು, ಉದ್ಯೋಗಪರ್ವದಲ್ಲಿಯೇ ಆಸನವು ಬೇಕೆಂದು ಹಲವು ದೇಶಗಳ ಸ್ತ್ರೀಯರು ಒಟ್ಟಾಗಿ ಕೇಳಿದುದು 1915ನೆಯ ಇಸವಿಯಲ್ಲಿ, ಹಾಲೆಂಡು ದೇಶದ ಹೇಗ್ ನಗರದಲ್ಲಿ.

1914ರ ಜುಲೈ ತಿಂಗಳ ಕೊನೆಯಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾಯಿತು. ಆಗ್ಗೆ ಹತ್ತು ವರ್ಷಗಳಿಂದ ಅಂತರರಾಷ್ಟ್ರೀಯ ಸ್ತ್ರೀಮತಾಧಿಕಾರ ಸಂಘವೊಂದು ಕೆಲಸಮಾಡುತ್ತಿದ್ದಿತು. ಅದರ ಮುಂದಿನ ಅಧಿವೇಶನವು 1915ರಲ್ಲಿ ಬರ್ಲಿನ್ನಿನಲ್ಲಿ ಸೇರಬೇಕೆಂದು ಗೊತ್ತಾಗಿದ್ದಿತು. ಯುದ್ಧದ ದೆಸೆಯಿಂದ ಅದು ನಿಂತುಹೋಯಿತು. ಹಾಲೆಂಡು ತಟಸ್ಥ ರಾಷ್ಟ್ರವಾದುದರಿಂದ ತಮ್ಮ ದೇಶದಲ್ಲಿಯೇ ಎಲ್ಲರೂ ಕೂಡಬಹುದೆಂದು ಸೂಚಿಸಿದವರು ಡಾಕ್ಟರ್ ಅಲೆಟಾ ಯಾಕೋಬ್ಸ್ ಎಂಬ ಮಹಿಳೆ. ಆ ದೇಶದಲ್ಲಿ ವೈದ್ಯಪದವಿಯನ್ನು ಪಡೆದ ಸ್ತ್ರೀಯರಲ್ಲಿ ಇವರೇ ಮೊದಲಿಗರು. ಈ ಸೂಚನೆ ಎಲ್ಲರಿಗೂ ರುಚಿಸಲಿಲ್ಲ. ಫ್ರಾನ್ಸಿನ ಸ್ತ್ರೀಸಂಘಗಳು, ಶತ್ರುಸೈನ್ಯವು ತಮ್ಮ ನೆಲದ ಮೇಲೆ ನಿಂತಿರುವಾಗ ಶಾಂತಿಯ ಮಾತು ಸಲ್ಲದೆಂದು ಬರಲೊಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಮತಾಧಿಕಾರಕ್ಕಾಗಿ ಸೆರೆಮನೆಯನ್ನು ಕಂಡುಬಂದ ಶ್ರೀಮತಿ ಪ್ಯಾಂಕ್‌ಹರ್ಸ್ಟ್ ಅವರೇ ಯುದ್ಧದ ಪರವಾಗಿ ನಿಂತು ಯುವಕರನ್ನು ಸೇನೆಗೆ ಸೇರಿರೆಂದು ಕರೆಯುತ್ತಿದ್ದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಶ್ರೀಕೃಷ್ಣನು ಸಂಧಾನಕ್ಕೆ ಹೊರಡುವಾಗ ಬಿಚ್ಚಿದ ಮುಡಿಯನ್ನು ತೋರಿ ಸಂಧಿ ಬೇಡವೆಂದವಳು ದ್ರೌಪದಿ; ವಿದುಲೆಯ ಕಥೆಯನ್ನು ಹೇಳಿಕಳುಹಿಸಿ ಮಕ್ಕಳನ್ನು ಯುದ್ಧಕ್ಕೆ ಪ್ರೇರಿಸಿದವಳು ಕುಂತಿ. ಸ್ತ್ರೀಯು ಸ್ವಭಾವತಃ ಕೋಮಲೆ, ಆದುದರಿಂದ ಶಾಂತಿಪ್ರಿಯಳು ಎಂಬ ವಾದವು ಕೇಳುವುದಕ್ಕೆ ಇಂಪಾದರೂ ದೃಢವಾದುದಲ್ಲ. ಸಂಧಿಸಭೆಯಲ್ಲಿ ಸ್ತ್ರೀಗೆ ಸ್ಥಾನವಿರಬೇಕಾದುದು ಆಕೆಯ ಮೃದುಹೃದಯಕ್ಕಾಗಿ ಅಲ್ಲ. ಯಾವ ನಿರ್ಣಯದಿಂದ ಆಕೆಯ ಮನೆಯು ಉರಿಯುವುದೋ ಆ ನಿರ್ಣಯದಲ್ಲಿ ಆಕೆಗೆ ಪಾಲಿರಬೇಕೆಂಬ ನ್ಯಾಯಕ್ಕಾಗಿ. ಹೇಗ್ ಸಭೆಯ ಸಂಚಾಲಿಕೆಯರು ಈ ಸೂಕ್ಷ್ಮವನ್ನು ಅರಿತಿದ್ದರು. ಸಭೆಯ ಸದಸ್ಯೆಯಾಗಬೇಕೆನ್ನುವವರು ಎರಡು ಮಾತುಗಳಿಗೆ ಸಮ್ಮತಿಸಬೇಕಾಗಿದ್ದಿತು: ರಾಷ್ಟ್ರಗಳ ವಿವಾದಗಳನ್ನು ಶಾಂತಿಮಾರ್ಗದಿಂದ ಪರಿಹರಿಸಬೇಕು, ಸ್ತ್ರೀಯರಿಗೆ ರಾಷ್ಟ್ರಸಭೆಯ ಮತಾಧಿಕಾರವು ಸಲ್ಲಬೇಕು. ಮೊದಲನೆಯದನ್ನು ಮಾತ್ರ ಒಪ್ಪುವವರಿಗೆ ಪ್ರವೇಶವಿರಲಿಲ್ಲ. ಯುದ್ಧಕ್ಕಿಳಿದಿದ್ದ ಯೂರೋಪಿನ ಬಲಿಷ್ಠ ರಾಷ್ಟ್ರಗಳಲ್ಲಿ ಒಂದರಲ್ಲಿಯೂ ಆಗ ಸ್ತ್ರೀಯರಿಗೆ ರಾಷ್ಟ್ರಸಭೆಗೆ ಮತಕೊಡುವ ಹಕ್ಕಿರಲಿಲ್ಲವೆಂಬುದನ್ನು ನೆನೆದರೆ ಈ ನಿಬಂಧನೆಯ ತೂಕವು ತಿಳಿದೀತು.

ಹೇಗ್ ನಗರವನ್ನು ಸೇರುವುದೇ ಒಂದು ಸಾಹಸವಾಗಿದ್ದಿತು. ಇಂಗ್ಲೆಂಡಿನಿಂದ ಹೊರಡಲು ಸಿದ್ಧರಾಗಿದ್ದವರು ಸುಮಾರು 180 ಮಂದಿ. ಸರ್ಕಾರವು ಮೊದಲು ಕೆಲವರಿಗೆ ಮಾತ್ರ ರಹದಾರಿ ಕೊಡುವುದಾಗಿ ಹೇಳಿತು. ಬಳಿಕ ಸಮುದ್ರದ ಸಂಚಾರವನ್ನೇ ನಿಲ್ಲಿಸಿತು. ಕಡೆಗೆ ಸಭೆಯಲ್ಲಿ ಕುಳಿತ ಆಂಗ್ಲೇಯ ಸ್ತ್ರೀಯರು ಮೂವರೇ: ಇಬ್ಬರು ಮೊದಲೇ ಹಾಲೆಂಡಿನಲ್ಲಿದ್ದವರು, ಒಬ್ಬರು ಅಮೆರಿಕಾದಿಂದ ಬಂದವರು. ಅಮೆರಿಕಾದ 40ಕ್ಕೂ ಮಿಕ್ಕ ಸ್ತ್ರೀಯರು ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ‘ನೂರ್ಡಾಮ್’ ಎಂಬ ಹಡಗನ್ನು ಹತ್ತಿದರು. ಜರ್ಮನರ ಜಲಾಂತರ್ಗಾಮಿಗಳು ಸಂಚರಿಸುತ್ತಿದ್ದ ಸಮುದ್ರವದು. ಸಭೆಯು ಮುಗಿದ ಒಂದು ವಾರದೊಳಗಾಗಿ, ಮೇ 7ರಂದು, ‘ಲುಸಿಟೇನಿಯಾ’ ಹಡಗು ಅವುಗಳ ಏಟಿಗೆ ಸಿಕ್ಕಿ ಮುಳುಗಿತು. ನೂರ್ಡಾಮನ್ನು ಇಂಗ್ಲೆಂಡಿನ ಕರಾವಳಿಯ ಬಳಿ ಬ್ರಿಟಿಷ್ ಅಧಿಕಾರಿಗಳು ಕೆಲವು ದಿನ ತಡೆದು ನಿಲ್ಲಿಸಿದರು. ಸಭೆಯು ಆರಂಭವಾಗುವ ಹೊತ್ತಿಗೆ ಆ ಸ್ತ್ರೀಯರು ಹೇಗೋ ಬಂದು ಮುಟ್ಟಿದರು. ಜರ್ಮನರ ವಶದಲ್ಲಿದ್ದ ಬೆಲ್ಜಿಯಂನಿಂದ ಐವರು ಬಂದರು. ಜರ್ಮನಿಯಿಂದಲೂ ಬಂದರು. ಆಕ್ರಮಿಸಿದವರ ದೇಶದ ಸ್ತ್ರೀಯರೂ ಆಕ್ರಾಂತರ ದೇಶದ ಸ್ತ್ರೀಯರೂ ಒಂದೇ ಚಾವಡಿಯಲ್ಲಿ ಕುಳಿತರು.

ಏಪ್ರಿಲ್ 28ರಂದು ಆರಂಭವಾದ ಆ ಸಭೆಯಲ್ಲಿ 12 ದೇಶಗಳ 1,100ಕ್ಕೂ ಹೆಚ್ಚು ಸ್ತ್ರೀಯರು ಸೇರಿದ್ದರು. ಅಧ್ಯಕ್ಷತೆ ವಹಿಸಿದವರು ಅಮೆರಿಕಾದ ಕುಮಾರಿ ಜೇನ್ ಆಡಮ್ಸ್. ಶಿಕಾಗೋ ನಗರದ ಬಡವರ ನಡುವೆ ‘ಹಲ್ ಹೌಸ್’ ಎಂಬ ಸೇವಾಗೃಹವನ್ನು 1889ರಲ್ಲಿ ಸ್ಥಾಪಿಸಿ ಪ್ರಸಿದ್ಧರಾದವರು. ಯುದ್ಧಕ್ಕೆ ಯಾರು ಹೊಣೆ, ಯುದ್ಧದಲ್ಲಿ ಯಾರು ಹೇಗೆ ನಡೆದುಕೊಂಡರು ಎಂಬ ಚರ್ಚೆಯನ್ನು ಸಭೆಯ ನಿಯಮವೇ ನಿಷೇಧಿಸಿದ್ದಿತು. ನೊಂದವರಿಗೆ ಇದು ಅನ್ಯಾಯವೆಂದು ತೋರಿದ್ದರೆ ಅಚ್ಚರಿಯಿಲ್ಲ. ಆದರೆ ಆ ನಿಯಮವಿಲ್ಲದಿದ್ದರೆ ಸಭೆಯು ಮೊದಲನೆಯ ದಿನವೇ ಮುರಿದುಬೀಳುತ್ತಿದ್ದಿತು.

ಅಂಗೀಕೃತವಾದ ನಿರ್ಣಯಗಳು 20. ಯುದ್ಧದಲ್ಲಿ ಸ್ತ್ರೀಯರ ಮೇಲೆ ನಡೆಯುವ ಘೋರ ಅತ್ಯಾಚಾರಗಳನ್ನು ಸಭೆಯು ಪ್ರತಿಭಟಿಸಿತು. ಸೈನ್ಯಗಳು ಸ್ತ್ರೀಯರನ್ನು ರಕ್ಷಿಸುತ್ತವೆಂಬ ಮಾತು ಸುಳ್ಳೆಂದು ಅಲ್ಲಿ ಬಹಿರಂಗವಾಗಿ ಹೇಳಲಾಯಿತು. ಯಾವ ಪ್ರದೇಶವನ್ನೂ ಅಲ್ಲಿನ ಪುರುಷರ ಮತ್ತು ಸ್ತ್ರೀಯರ ಸಮ್ಮತಿಯಿಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಕೂಡದು, ಆಯುಧಗಳ ತಯಾರಿಕೆ ಖಾಸಗಿಯವರ ಲಾಭಕ್ಕಾಗಿ ನಡೆಯಕೂಡದು, ವಿವಾದಗಳನ್ನು ಬಗೆಹರಿಸಲು ಶಾಶ್ವತವಾದ ಅಂತರರಾಷ್ಟ್ರೀಯ ನ್ಯಾಯಸ್ಥಾನವಿರಬೇಕು ಎಂಬಿವು ಇನ್ನು ಕೆಲವು. ಯುದ್ಧವು ನಿಲ್ಲುವವರೆಗೆ ಕಾಯದೆ ತಟಸ್ಥ ರಾಷ್ಟ್ರಗಳು ಕೂಡಲೇ ಕುಳಿತು, ಎರಡು ಪಕ್ಷಗಳಿಗೂ ಒಂದಾದ ಮೇಲೊಂದರಂತೆ ಸಂಧಿಯ ಸೂಚನೆಗಳನ್ನು ಕಳುಹಿಸುತ್ತಲೇ ಇರಬೇಕೆಂಬುದು ಮತ್ತೊಂದು. ಈ ಯೋಜನೆಯನ್ನು ರೂಪಿಸಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷನ್ನು ಬೋಧಿಸುತ್ತಿದ್ದ ಜೂಲಿಯಾ ಗ್ರೇಸ್ ವೇಲ್ಸ್ ಎಂಬ ಉಪಾಧ್ಯಾಯಿನಿ. ಎಲ್ಲಕ್ಕಿಂತ ಪ್ರಕೃತವಾದುದು, ಯುದ್ಧಾಂತ್ಯದ ಸಂಧಿಸಭೆಯಲ್ಲಿ ಸ್ತ್ರೀಯರೂ ಭಾಗವಹಿಸಬೇಕೆಂಬ ನಿರ್ಣಯ.

ನಿರ್ಣಯಗಳನ್ನು ಬರೆದಿಟ್ಟು ಮನೆಗೆ ಹೋಗಿದ್ದರೆ ಈ ಸಭೆಯನ್ನು ಲೋಕವು ಎಂದೋ ಮರೆಯುತ್ತಿದ್ದಿತು. ಹಂಗೆರಿಯ ರೋಸಿಕಾ ಶ್ವಿಮ್ಮರ್ ಎಂಬವರ ಸೂಚನೆಯಂತೆ, ಈ ನಿರ್ಣಯಗಳನ್ನು ರಾಜಧಾನಿಗಳಿಗೆ ಕೈಯಾರೆ ಒಯ್ಯಬೇಕೆಂದು ಗೊತ್ತಾಯಿತು. ಎರಡು ತಂಡಗಳಾದುವು. ಆಡಮ್ಸ್ ಮತ್ತು ಯಾಕೋಬ್ಸ್ ಅವರಿದ್ದ ತಂಡವು ಲಂಡನ್, ಬರ್ಲಿನ್, ವಿಯೆನ್ನಾ, ಬುಡಾಪೆಸ್ಟ್, ರೋಮ್, ಪ್ಯಾರಿಸ್ ಮೊದಲಾದ ನಗರಗಳಿಗೆ ಹೋಯಿತು. ಶ್ವಿಮ್ಮರ್, ಎಮಿಲಿ ಬಾಲ್ಚ್, ಕ್ರಿಸ್ಟಲ್ ಮ್ಯಾಕ್‌ಮಿಲನ್ ಇವರಿದ್ದ ತಂಡವು ಕೋಪನ್‌ಹೇಗನ್, ಕ್ರಿಸ್ಟಿಯಾನಿಯಾ, ಸ್ಟಾಕ್‌ಹೋಮುಗಳನ್ನು ಕಂಡು ಪೆಟ್ರೋಗ್ರಾಡಿನವರೆಗೆ ಹೋಯಿತು. ತಮ್ಮ ದೇಶದಲ್ಲಿ ಪೂರ್ಣವಾದ ಮತಾಧಿಕಾರವಿಲ್ಲದಿದ್ದ ಸ್ತ್ರೀಯರು ಇಂಗ್ಲೆಂಡಿನ ಆಸ್ಕ್ವಿತ್, ಜರ್ಮನಿಯ ಬೆಟ್‌ಮನ್ ಹಾಲ್‌ವೆಗ್ ಮುಂತಾದ ಮುಖ್ಯಮಂತ್ರಿಗಳೊಡನೆಯೂ ಪೋಪ್ ಜಗದ್ಗುರುಗಳೊಡನೆಯೂ ಎದುರೆದುರಾಗಿ ಕುಳಿತು ಮಾತನಾಡಿದರು. ತಮ್ಮ ಪ್ರಯತ್ನವು ಹುಚ್ಚೆಂದು ತೋರೀತೇನೋ ಎಂದು ಒಬ್ಬ ಪ್ರಧಾನಮಂತ್ರಿಯೊಡನೆ ಆಡಮ್ಸ್ ಅವರು ಸಂಕೋಚದಿಂದ ಹೇಳಿದಾಗ ಆತನು ಮೇಜನ್ನು ಗುದ್ದಿ, ಹತ್ತು ತಿಂಗಳಿಂದ ಆ ಕೊಠಡಿಯಲ್ಲಿ ಕೇಳಿಬಂದ ಮೊದಲನೆಯ ವಿವೇಕದ ಮಾತು ಇದೇ ಎಂದನಂತೆ. ಮಾತು ಮಾತಾಗಿಯೇ ಉಳಿಯಿತು. ತಟಸ್ಥರು ಸಂಧಾನಕ್ಕೆ ಬಂದರೆ ವಿರೋಧವಿಲ್ಲವೆಂದು ಯುದ್ಧನಿರತ ರಾಷ್ಟ್ರಗಳೂ, ಮೊದಲು ಅಮೆರಿಕಾ ಹೆಜ್ಜೆಯಿಡಲೆಂದು ಕೆಲವು ತಟಸ್ಥರೂ ಹೇಳಿದರು. ಅಮೆರಿಕಾದ ಅಧ್ಯಕ್ಷ ವಿಲ್ಸನ್ನರು ಸ್ತ್ರೀಯರನ್ನು ಆದರದಿಂದ ಕಂಡರು; ಹೆಜ್ಜೆಯನ್ನಿಡಲಿಲ್ಲ. 1918ರಲ್ಲಿ ಅವರು ಪ್ರಕಟಿಸಿದ 14 ಸೂತ್ರಗಳಿಗೂ ಹೇಗ್ ನಿರ್ಣಯಗಳಲ್ಲಿ ಕೆಲವಕ್ಕೂ ಇರುವ ಹೋಲಿಕೆ ಮಾತ್ರ ಎದ್ದುಕಾಣುವಂತಹುದು.

ಆಡಮ್ಸ್ ಅವರು ತಮ್ಮ ದೇಶಕ್ಕೆ ಮರಳಿ, ಈಟಿಬಂದೂಕಿನ ಧಾಳಿಗೆ ಮುನ್ನ ಸೈನಿಕರಿಗೆ ಮಾದಕ ಪಾನೀಯವನ್ನು ಕೊಡುತ್ತಾರೆಂದು ತಾವು ಕೇಳಿದುದನ್ನು ಸಭೆಯೊಂದರಲ್ಲಿ ಹೇಳಿದರು. ವೃತ್ತಪತ್ರಿಕೆಗಳು ಅವರ ಮೇಲೆ ಹರಿಹಾಯ್ದುವು. ನಿನ್ನೆಯವರೆಗೆ ಸಾಧ್ವಿಯೆಂದು ಹೊಗಳಿದವರೇ ವೀರರನ್ನು ಅವಮಾನಿಸಿದವಳೆಂದು ನಿಂದಿಸಿದರು. ಬಾಲ್ಚ್ ಅವರು ತಮ್ಮ ಶಾಂತಿಕಾರ್ಯದ ದೆಸೆಯಿಂದ ವೆಲ್ಸ್‌ಲಿ ಕಾಲೇಜಿನ ಅಧ್ಯಾಪಕವೃತ್ತಿಯನ್ನು ಕಳೆದುಕೊಂಡರು. (ಆಡಮ್ಸ್ ಅವರಿಗೆ 1931ರಲ್ಲಿಯೂ ಬಾಲ್ಚ್ ಅವರಿಗೆ 1946ರಲ್ಲಿಯೂ ನೊಬೆಲ್ ಶಾಂತಿಪಾರಿತೋಷಕವು ಬಂದಿತು, ನಿಂದಿಸಿದವರಲ್ಲಿ ಅನೇಕರು ಅಷ್ಟರಲ್ಲಿ ಗತಿಸಿದ್ದರು.)

1919ರಲ್ಲಿ ಪ್ಯಾರಿಸಿನ ಸಂಧಿಸಭೆಯು ಸೇರಿದಾಗ ರಾಷ್ಟ್ರಗಳ ಪ್ರತಿನಿಧಿಗಳಾಗಿ ಕುಳಿತವರು ಪುರುಷರೇ. ಸಂಧಿಯು ನಡೆಯುವಲ್ಲಿಯೇ ತಮ್ಮ ಸಭೆಯೂ ನಡೆಯಬೇಕೆಂಬುದು ಸ್ತ್ರೀಯರ ಸಂಕಲ್ಪವಾಗಿದ್ದಿತು. ಆದರೆ ಸೋತ ದೇಶದವರಿಗೆ ಅಲ್ಲಿ ಪ್ರವೇಶವಿಲ್ಲದುದರಿಂದ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಕೂಡಿದರು. ಫ್ರಾನ್ಸಿನ ಧ್ವಂಸವಾದ ಗಡಿನಾಡಿನಿಂದ ಜಾನ್ ಮೆಲೆನ್ ಎಂಬ ಮಹಿಳೆ ತಡವಾಗಿ ಬಂದಾಗ, ಜರ್ಮನಿಯ ಲೀಡಾ ಹೈಮನ್ ಅವರು ಎದ್ದು ಹೋಗಿ ಗುಲಾಬಿಯ ಹೂಗಳನ್ನಿತ್ತು ಕೈಹಿಡಿದರು. ಸಭೆಯೇ ಎದ್ದು ನಿಂತಿತು. ವರ್ಸೇಲ್ಸ್ ಒಪ್ಪಂದದ ಕರಡು ಆಗತಾನೇ ಹೊರಬಿದ್ದಿದ್ದಿತು. ಈ ನಿಬಂಧನೆಗಳು ದ್ವೇಷವನ್ನೂ ದಾರಿದ್ರ್ಯವನ್ನೂ ಹುಟ್ಟಿಸಿ ಮುಂದಿನ ಯುದ್ಧಗಳಿಗೆ ಬೀಜವಾಗುವುವೆಂದು ಜೂರಿಚ್ ಸಭೆಯು ಸಾರಿತು. ಒಪ್ಪಂದಕ್ಕೆ ಸಹಿ ಬಿದ್ದುದು ಜೂನ್ 28ರಂದು. ಎರಡನೆಯ ಮಹಾಯುದ್ಧವು ಆರಂಭವಾದುದು 1939ರಲ್ಲಿ. ಎರಡನೆಯ ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದುವು, ನಿಜ. ಆದರೂ ಪ್ಯಾರಿಸಿನ ಮೇಜಿನ ಬಳಿ ಕುಳಿತವರಿಗೆ ಕಾಣದುದು ಹೊರಗಿದ್ದವರಿಗೆ ಕಂಡಿತು. ಜೂರಿಚ್ಚಿನ ಸ್ತ್ರೀಯರು ತಮ್ಮ ಸಂಘಕ್ಕೆ ಶಾಂತಿ ಮತ್ತು ಸ್ವಾತಂತ್ರ್ಯದ ಅಂತರರಾಷ್ಟ್ರೀಯ ಮಹಿಳಾ ಸಂಘವೆಂದು ಹೆಸರಿಟ್ಟರು.

ಹೇಗ್ ಸಭೆಯ ಕೋರಿಕೆಗೆ ರಾಷ್ಟ್ರಗಳ ಸಮೂಹವು ಸ್ಪಷ್ಟವಾದ ಉತ್ತರವನ್ನು ಕೊಟ್ಟುದು 85 ವರ್ಷಗಳ ಮೇಲೆ. 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾಮಂಡಲಿಯು ತನ್ನ 1325ನೆಯ ನಿರ್ಣಯದಲ್ಲಿ, ಕಲಹಗಳನ್ನು ತಡೆಯುವ ಮತ್ತು ಬಗೆಹರಿಸುವ ಕಾರ್ಯದ ಎಲ್ಲ ಹಂತಗಳಲ್ಲಿಯೂ ಸ್ತ್ರೀಯರಿಗೆ ಹೆಚ್ಚಿನ ಪ್ರಾತಿನಿಧ್ಯವನ್ನು ಕೊಡಬೇಕೆಂದು ಸದಸ್ಯರಾಷ್ಟ್ರಗಳನ್ನು ಒತ್ತಾಯಪಡಿಸಿತು. ಕಾಗದದ ಮೇಲಿನ ಅಕ್ಷರವು ಬಾಗಿಲನ್ನು ತೆರೆಯಿತೆ ಎಂಬುದಕ್ಕೆ ಮೂರು ವರ್ಷಗಳೊಳಗಾಗಿಯೇ ಪರೀಕ್ಷೆಯೊದಗಿತು. ಆಫ್ರಿಕಾದ ಲೈಬೀರಿಯಾ ದೇಶವು ಅಂತರ್ಯುದ್ಧದಿಂದ ಬೆಂದಿದ್ದಿತು. 2003ರಲ್ಲಿ ಲೇಮಾ ಗ್ಬೋವೀ ಎಂಬಾಕೆಯ ನೇತೃತ್ವದಲ್ಲಿ ಕ್ರೈಸ್ತ ಮತ್ತು ಮುಸಲ್ಮಾನ ಸ್ತ್ರೀಯರು ಬಿಳಿಯ ವಸ್ತ್ರವನ್ನುಟ್ಟು ರಾಜಧಾನಿಯಾದ ಮನ್ರೋವಿಯಾದ ಮೀನುಪೇಟೆಯ ಬಳಿ ದಿನದಿನವೂ ಮಳೆಬಿಸಿಲೆನ್ನದೆ ಕುಳಿತರು. ಘಾನಾ ದೇಶದ ಅಕ್ರಾ ನಗರದಲ್ಲಿ ಸಂಧಿಯ ಮಾತು ವಾರಗಟ್ಟಲೆ ಎಳೆದಾಡಿದಾಗ ಅಲ್ಲಿಗೂ ಹೋಗಿ, ಸಭಾಮಂದಿರದ ಬಾಗಿಲಿಗೆ ಅಡ್ಡವಾಗಿ ತೋಳಿಗೆ ತೋಳನ್ನು ಹೆಣೆದು ಕುಳಿತು, ಒಳಗಿದ್ದ ಪುರುಷರು ಒಪ್ಪಂದಕ್ಕೆ ಬಾರದೆ ಏಳಕೂಡದೆಂದರು. ಬಂಧಿಸಲು ಕಾವಲಿನವರು ಬಂದಾಗ ಗ್ಬೋವೀ ತನ್ನ ಮೈಮೇಲಿನ ಬಟ್ಟೆಯನ್ನು ಕಳಚಲು ಮುಂದಾದರು. ತಾಯಿಯಾದವಳು ಹಾಗೆ ಮಾಡುವುದು ನೋಡಿದ ಗಂಡಸರಿಗೆ ಶಾಪವೆಂದು ಆ ಸೀಮೆಯ ನಂಬಿಕೆ. ಮಧ್ಯಸ್ಥರಾಗಿದ್ದ ನೈಜೀರಿಯಾದ ಜನರಲ್ ಅಬೂಬಕರ್ ಹೊರಗೆ ಬಂದು ಆಕೆಯೊಡನೆ ಮಾತಿಗೆ ನಿಂತರು. ಆಗಸ್ಟ್ 18ರಂದು ಒಪ್ಪಂದವಾಯಿತು.

ಅಂದು ಬಾಗಿಲನ್ನು ಕಟ್ಟಿದ ಸ್ತ್ರೀಯರು ಕುಳಿತಿದ್ದುದು ಮೇಜಿನ ಬಳಿ ಅಲ್ಲ, ಪಡಸಾಲೆಯ ನೆಲದ ಮೇಲೆ. ಆ ದೇಶದ ಅಧ್ಯಕ್ಷಪದವಿಗೆ 2006ರಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಎಂಬ ಮಹಿಳೆ ಬಂದರು. ಮರುವರ್ಷ ಭಾರತದಿಂದ ನೂರಕ್ಕೂ ಮಿಕ್ಕ ಸ್ತ್ರೀಯರಿದ್ದ ಪೊಲೀಸು ದಳವೊಂದು ಮನ್ರೋವಿಯಾಕ್ಕೆ ಹೋಯಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಕೇವಲ ಸ್ತ್ರೀಯರಿಂದ ಕೂಡಿದ ದಳಗಳಲ್ಲಿ ಅದೇ ಮೊದಲನೆಯದು. ಒಂದರ ಮೇಲೊಂದು ತಂಡವಾಗಿ 2016ರವರೆಗೆ ಅವರು ಆ ನಗರದ ಬೀದಿಗಳಲ್ಲಿ ರಾತ್ರಿಯ ಗಸ್ತು ತಿರುಗಿದರು.